ಪ್ವಾಂಕಾರೆ ಎಂಬ ಸರ್‌ನೇಮ್ ಎಲ್ಲಿಂದ ಬಂತು, ಎಷ್ಟು ಜನರಿಗಿದೆ?

ಪ್ರಶ್ನೆ: ನಾನು ವಿಜಯಪುರದ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ಫ್ರೆಂಚ್ ಗಣಿತಜ್ಞ ಆಂರಿ ಪ್ವಾಂಕಾರೆ ಹೆಸರಿನಲ್ಲಿರುವ ಪ್ವಾಂಕಾರೆ ಊಹೆಯ ಬಗ್ಗೆ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು "ಸರ್, ಪ್ವಾಂಕಾರೆ ಅಂದ್ರೆ ಏನರ್ಥ?" ಎಂದು ಕೇಳಿದಳು. ಹುಡುಕಿದರೆ ಒಂದು ಕಡೆ 'ಚೌಕ ಮುಷ್ಟಿ' ಎಂದಿದೆ, ಇನ್ನೊಂದು ಕಡೆ 'ಚೌಕ ಬಿಂದು' ಎಂದಿದೆ. ಈ ಸರ್‌ನೇಮ್ ಎಷ್ಟು ಜನರಿಗಿದೆ ಎಂಬುದಕ್ಕೂ ಒಂದೊಂದು ವೆಬ್‌ಸೈಟು ಒಂದೊಂದು ಸಂಖ್ಯೆ ಕೊಡುತ್ತದೆ. ಯಾವುದನ್ನು ನಂಬಬೇಕು? ಇಷ್ಟು ಹೆಸರುವಾಸಿಯಾದ ಮನೆತನದ ಹೆಸರು ಇಷ್ಟು ಅಪರೂಪ ಯಾಕೆ? ಇವರೆಲ್ಲ ಒಂದೇ ವಂಶದವರಾ?

ಉತ್ತರ: ಮೊದಲು ಅರ್ಥದ ವಿಷಯ ಮುಗಿಸೋಣ. 'ಚೌಕ ಮುಷ್ಟಿ'ಯೇ ಸರಿ. ಗಣಿತಜ್ಞನ ಹೆಸರಿನಲ್ಲಿ ಬಿಂದು, ಚೌಕ ಎರಡೂ ಇದ್ದರೆ ಕೇಳಲು ಚೆನ್ನಾಗಿರುತ್ತದೆ, ಅಲ್ವಾ? ಆದರೆ ಹಳೆಯ ದಾಖಲೆಗಳು ಹಾಗೆ ಹೇಳುವುದಿಲ್ಲ.

ಗೊಂದಲ ಹುಟ್ಟಿದ್ದು ಉಚ್ಚಾರಣೆಯಿಂದ. ಫ್ರೆಂಚ್‌ನಲ್ಲಿ ಮುಷ್ಟಿಗೂ 'ಪ್ವಾಂ', ಬಿಂದುವಿಗೂ 'ಪ್ವಾಂ'. ಬರೆಯುವಾಗ ಮಾತ್ರ ಮುಷ್ಟಿಯ ಕೊನೆಗೆ ಜಿ ಅಕ್ಷರ ಬರುತ್ತದೆ, ಬಿಂದುವಿನ ಕೊನೆಗೆ ಟಿ ಅಕ್ಷರ. ಎರಡನ್ನೂ ಬಾಯಲ್ಲಿ ಹೇಳುವುದಿಲ್ಲ. 'ಕಾರೆ' ಎಂದರೆ ಚೌಕ. ಈಗಿನ ಸರ್‌ನೇಮ್‌ನ ಸ್ಪೆಲ್ಲಿಂಗ್‌ನಲ್ಲಿ ಆ ಜಿ-ಯೂ ಇಲ್ಲ, ಟಿ-ಯೂ ಇಲ್ಲ. ಹಾಗಾಗಿ ನೋಡಿದವರು ತಮಗೆ ಇಷ್ಟ ಬಂದ ಅರ್ಥ ಹಚ್ಚಿಕೊಳ್ಳಬಹುದು.

ಹಳೆಯ ಬರವಣಿಗೆಗೆ ಹೋದರೆ ವಿಷಯ ತಿಳಿಯಾಗುತ್ತದೆ. 1403ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನ ಹೆಸರನ್ನು ಲ್ಯಾಟಿನ್‌ನಲ್ಲಿ 'ಪೆತ್ರುಸ್ ಪುಗ್ನಿಕ್ವಾದ್ರಾತಿ' ಎಂದು ಬರೆದಿದ್ದಾರೆ. ಲ್ಯಾಟಿನ್‌ನಲ್ಲಿ 'ಪುಗ್ನುಸ್' ಅಂದರೆ ಮುಷ್ಟಿ. ಬಿಂದುವಾಗಿದ್ದರೆ 'ಪುಂಕ್ತುಂ' ಎಂಬ ಪದದಿಂದ ಬರೆಯಬೇಕಿತ್ತು. ಅದೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ರಾಣಿ ಇಸಬೋ ದ ಬವಿಯೇರ್ ಬಳಿ ಕಾರ್ಯದರ್ಶಿಯಾಗಿದ್ದ ಒಬ್ಬನಿಗೂ ಇದೇ ಹೆಸರಿತ್ತು. ಅಲ್ಲೂ ಮುಷ್ಟಿಯ ಜಿ ಅಕ್ಷರವನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಹೆಸರು ಬರೆದುಕೊಂಡ ಗುಮಾಸ್ತರಿಗೆ ಅದರ ಅರ್ಥ ಇನ್ನೂ ಕಿವಿಗೆ ಕೇಳುತ್ತಿದ್ದ ಕಾಲ ಅದು. ಅವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಗಣಿತಜ್ಞ ಆಂರಿ ಪ್ವಾಂಕಾರೆಗೇ ಈ ಹೆಸರು ಅಷ್ಟಾಗಿ ಹಿಡಿಸಿರಲಿಲ್ಲವಂತೆ. ಚೌಕವಾದ ಬಿಂದುವನ್ನು ಊಹಿಸುವುದು ಹೇಗೆ, ಅದರ ಬದಲು 'ಪೋಂಕಾರೆ' ಅಂದರೆ ಚೌಕ ಸೇತುವೆ ಎಂದಿದ್ದರೆ ವಾಸಿ ಎನ್ನುತ್ತಿದ್ದರು ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಪೋಂಕಾರೆ ಎಂಬ ಊರು ಪ್ಯಾರಿಸ್‌ನ ಪೂರ್ವಕ್ಕೆ ನಿಜವಾಗಿಯೂ ಇದೆ. ಆದರೆ ಗಣಿತಜ್ಞರ ಮನೆತನಕ್ಕೂ ಆ ಊರಿಗೂ ಸಂಬಂಧವಿಲ್ಲ.

ಇಂಥ ಹೆಸರು ಹೇಗೆ ಹುಟ್ಟುತ್ತದೆ? 11ನೇ ಶತಮಾನದಿಂದ ಫ್ರಾನ್ಸಿನ ಊರುಗಳಲ್ಲಿ ಜನ ಹೆಚ್ಚಾದರು, ಹೆಸರುಗಳು ಮಾತ್ರ ಹೆಚ್ಚಲಿಲ್ಲ. ಬೀದಿಗೆ ನಾಲ್ಕು ಜನ ಝಾಂ, ಮೂರು ಜನ ಪಿಯೇರ್. ಗುರುತು ಹಿಡಿಯಲು ಜನ ಇನ್ನೊಂದು ಹೆಸರು ಸೇರಿಸಿದರು. ಕೆಲವರಿಗೆ ಅಪ್ಪನ ಹೆಸರು ಅಂಟಿತು: ಮಾರ್ಟಿನ್, ಬೆರ್ನಾರ್. ಕೆಲವರಿಗೆ ಮನೆ ಇದ್ದ ಜಾಗ: ಸೇತುವೆ ಪಕ್ಕದವನು ದ್ಯೂಪೋಂ, ಕಾಡಿನ ಪಕ್ಕದವನು ದ್ಯುಬ್ವಾ. ಕೆಲವರಿಗೆ ಕಸುಬು: ಬ್ರೆಡ್ ಸುಡುವವನು ಬುಲಾಂಝೆ, ಹಿಟ್ಟಿನ ಗಿರಣಿಯವನು ಮೊನಿಯೆ. ಉಳಿದವರಿಗೆ ಮೈಕಟ್ಟು, ಕೂದಲು, ಗುಣ ನೋಡಿ ಜನ ಕರೆದ ಹೆಸರು. ಕುಳ್ಳಗಿದ್ದವನು ಪೆತಿ, ಕೆಂಪು ಕೂದಲಿನವನು ಲರೂ. ಪ್ವಾಂಕಾರೆ ಈ ಕೊನೆಯ ಗುಂಪಿಗೆ ಸೇರಿದ್ದು. ಅಗಲ ಅಂಗೈ, ದಪ್ಪ ಗೆಣ್ಣು, ಗಟ್ಟಿ ಹಿಡಿತದ ಒಬ್ಬ ಮನುಷ್ಯನನ್ನು ಊರವರು ಹಾಗೆ ಕರೆದರು. ಮಕ್ಕಳಿಗೂ ಅದೇ ಉಳಿಯಿತು. ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಮನೆತನದ ಹೆಸರುಗಳನ್ನು ದಿನಾ ಹಾಜರಿ ಪುಸ್ತಕದಲ್ಲಿ ಕೂಗುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಸರು ಗಟ್ಟಿಯಾಗಿ ನಿಂತದ್ದು ಕಾಗದದ ಮೇಲೆ. 1539ರಲ್ಲಿ ದೊರೆ ಒಂದನೇ ಫ್ರಾನ್ಸ್ವಾ ವಿಲ್ಲೆರ್-ಕೊತ್ರೆ ಎಂಬಲ್ಲಿ ಹೊರಡಿಸಿದ ಆಜ್ಞೆಯಂತೆ ಚರ್ಚುಗಳು ಮಕ್ಕಳ ದೀಕ್ಷಾಸ್ನಾನದ ದಾಖಲೆ ಇಡಬೇಕಾಯಿತು. 1579ರ ಆಜ್ಞೆ ಮದುವೆ, ಸಾವುಗಳನ್ನೂ ಸೇರಿಸಿತು. 1667ರಿಂದ ಪ್ರತಿ ದಾಖಲೆಗೆ ಎರಡು ಪ್ರತಿ. 1792ರ ಸೆಪ್ಟೆಂಬರ್ 20ರಂದು ಕ್ರಾಂತಿಯ ಸರ್ಕಾರ ಈ ಕೆಲಸವನ್ನು ಪಾದ್ರಿಗಳಿಂದ ಕಿತ್ತು ಊರಿನ ಮೇಯರ್ ಕೈಗೆ ಕೊಟ್ಟಿತು. ಎರಡು ವರ್ಷದ ನಂತರ, 1794ರಲ್ಲಿ, ಜನನ ಪತ್ರದಲ್ಲಿರುವ ಹೆಸರನ್ನು ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು ಬಂತು. ಆಮೇಲೆ ಸ್ಪೆಲ್ಲಿಂಗ್ ಸುಲಭಕ್ಕೆ ಅಲುಗಾಡಲಿಲ್ಲ.

ಇಲ್ಲೊಂದು ಮಾತು. ಗಣಿತಜ್ಞರ ಮನೆತನ ಲೊರೇನ್ ಸೀಮೆಯದು, ವೋಜ್ ಜಿಲ್ಲೆಯ ನಫ್‌ಶಾತೊ ಪಟ್ಟಣದ್ದು. ಜೋನ್ ಆಫ್ ಆರ್ಕ್ ಹುಟ್ಟಿದ ದೋಂರೆಮಿ ಅಲ್ಲಿಂದ ಹತ್ತಿರ. ಲೊರೇನ್ 1766ರವರೆಗೆ ಫ್ರಾನ್ಸಿಗೆ ಸೇರಿರಲೇ ಇಲ್ಲ, ಬೇರೆ ಡ್ಯೂಕ್‌ಗಳ ರಾಜ್ಯವಾಗಿತ್ತು. ಹಾಗಾಗಿ ಮೇಲೆ ಹೇಳಿದ ಹಳೆಯ ಫ್ರೆಂಚ್ ಆಜ್ಞೆಗಳನ್ನು ಅಲ್ಲಿಗೆ ನೇರವಾಗಿ ಹಚ್ಚಬಾರದು.

ಈಗ ಸಂಖ್ಯೆಯ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸಿದ್ದು ಇದೇ. ಫ್ರೆಂಚ್ ಸರ್‌ನೇಮ್‌ಗಳ ಬಗ್ಗೆ ನೀವು ಎಲ್ಲೇ ಸಂಖ್ಯೆ ನೋಡಿ, ಅದರ ಬೇರು ಹೆಚ್ಚಿನಂಶ ಒಂದೇ ಕಡೆ ಇರುತ್ತದೆ. ಅದು ಫ್ರಾನ್ಸಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ, ಅಲ್ಲಿನವರು 'ಇನ್ಸೇ' ಎನ್ನುತ್ತಾರೆ. ಪ್ರತಿಯೊಬ್ಬರಿಗೂ 13 ಅಂಕಿಯ ಗುರುತಿನ ಸಂಖ್ಯೆ ಕೊಡುವ ರಿಜಿಸ್ಟರ್ ಅವರ ಬಳಿ ಇದೆ. ಅದನ್ನು ಶುರು ಮಾಡಿದವರು ರೆನೆ ಕಾರ್ಮಿಯ್ ಎಂಬ ಸೇನಾಧಿಕಾರಿ, ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ. ಅವರು ಒಳಗೊಳಗೆ ಜರ್ಮನ್ನರ ವಿರುದ್ಧ ಕೆಲಸ ಮಾಡುತ್ತಿದ್ದರು. 1944ರಲ್ಲಿ ಸೆರೆ ಸಿಕ್ಕರು, 1945ರ ಜನವರಿಯಲ್ಲಿ ದಾಖೌ ಎಂಬ ನಾಜಿ ಸೆರೆಶಿಬಿರದಲ್ಲಿ ತೀರಿಕೊಂಡರು. ಇನ್ಸೇ ಹುಟ್ಟಿದ್ದು ಮರುವರ್ಷ, 1946ರಲ್ಲಿ. ಸರ್‌ನೇಮ್ ಅಂಕಿಅಂಶ ಬಳಸುವವರೆಲ್ಲ ಇವರನ್ನು ಒಮ್ಮೆ ನೆನೆಯಬೇಕು ಎಂದು ನನಗನ್ನಿಸುತ್ತದೆ.

ಆ 13 ಅಂಕಿ ನಮ್ಮ ಆಧಾರ್ ಸಂಖ್ಯೆಯ ಹಾಗಲ್ಲ. ಆಧಾರ್‌ನ ಅಂಕಿ ನೋಡಿ ಮನುಷ್ಯನ ಬಗ್ಗೆ ಏನೂ ಹೇಳಲಾಗದು. ಫ್ರೆಂಚ್ ಸಂಖ್ಯೆಯಲ್ಲಿ ಮೊದಲ ಅಂಕಿ ಗಂಡೋ ಹೆಣ್ಣೋ ಎಂಬುದು, ಮುಂದಿನ ಎರಡು ಹುಟ್ಟಿದ ವರ್ಷ, ಆಮೇಲೆರಡು ತಿಂಗಳು, ಆಮೇಲೆರಡು ಜಿಲ್ಲೆ, ನಂತರ ಮೂರು ಊರು, ಕೊನೆಯ ಮೂರು ಆ ತಿಂಗಳಲ್ಲಿ ಆ ಊರಿನ ಸರದಿ. ಆಂರಿ ಪ್ವಾಂಕಾರೆ ಹುಟ್ಟಿದ್ದು 1854ರ ಏಪ್ರಿಲ್ 29ರಂದು ನಾನ್ಸಿ ನಗರದಲ್ಲಿ. ಅವರಿಗೆ ಸಂಖ್ಯೆ ಕೊಟ್ಟಿದ್ದರೆ 1 54 04 54 395 ಎಂದು ಶುರುವಾಗುತ್ತಿತ್ತು. ಮೊದಲ 54 ವರ್ಷ, ಎರಡನೇ 54 ಮರ್ತ್-ಎ-ಮೊಸೆಲ್ ಜಿಲ್ಲೆ, 395 ನಾನ್ಸಿ. ಆದರೆ ಅವರಿಗೆ ಆ ಸಂಖ್ಯೆ ಬರಲೇ ಇಲ್ಲ. ಅವರು 1912ರಲ್ಲೇ ತೀರಿಕೊಂಡರು. ಅವರ ಚಿಕ್ಕಪ್ಪನ ಮಗ ರೇಮೋಂ ಪ್ವಾಂಕಾರೆ 1913ರಿಂದ 1920ರವರೆಗೆ ಫ್ರಾನ್ಸಿನ ಅಧ್ಯಕ್ಷರಾಗಿದ್ದರು, 1934ರಲ್ಲಿ ಹೋದರು. ಅವರಿಗೂ ಇಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಇನ್ಸೇ ಪ್ರಕಟಿಸುವ ಸರ್‌ನೇಮ್ ಪಟ್ಟಿ ಇದೇ ರಿಜಿಸ್ಟರ್‌ನಿಂದ ತೆಗೆದದ್ದು. ಅದು 1891ರಿಂದ 2000ದವರೆಗೆ ಹುಟ್ಟಿದವರನ್ನು ಹತ್ತತ್ತು ವರ್ಷಕ್ಕೆ ಎಣಿಸುತ್ತದೆ. ಅಂದರೆ ಜಗತ್ತಿಗೆ ಗೊತ್ತಿರುವ ಇಬ್ಬರೂ ಪ್ವಾಂಕಾರೆಗಳು ಈ ಎಣಿಕೆಯಲ್ಲೇ ಇಲ್ಲ! ಗಣಿತಜ್ಞರ ನಾಲ್ಕು ಮಕ್ಕಳಲ್ಲೂ ಮೊದಲ ಇಬ್ಬರು ಹುಟ್ಟಿದ್ದು 1887 ಮತ್ತು 1889ರಲ್ಲಿ. ಹಾಗಾಗಿ ಅವರೂ ಹೊರಗೆ.

ಈ ಪಟ್ಟಿ ಓದುವಾಗ ನಾನು ಕೆಲವು ವಿಷಯ ಮರೆಯುವುದಿಲ್ಲ. ಇದು ಹುಟ್ಟುಗಳ ಲೆಕ್ಕ. ಈಗ ಬದುಕಿರುವವರ ಲೆಕ್ಕ ಅಲ್ಲ. 1891ರಿಂದ 2000ದವರೆಗೆ 200 ಜನ ಹುಟ್ಟಿದ್ದಾರೆ ಎಂದು ಒಂದು ಹೆಸರಿನ ಮುಂದೆ ಇದ್ದರೆ, ಅದರಲ್ಲಿ ದೊಡ್ಡ ಪಾಲು ಈಗಾಗಲೇ ತೀರಿಕೊಂಡಿರುತ್ತಾರೆ. ಇನ್ನೊಂದು, ಹಳೆಯ ದಶಕಗಳ ಸಂಖ್ಯೆ ನಿಜಕ್ಕಿಂತ ಕಡಿಮೆ. ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಿದ್ದು 1970ರ ದಶಕದಲ್ಲಿ. ಅಷ್ಟರಲ್ಲಿ ಸತ್ತಿದ್ದವರು ಬಹುಪಾಲು ಅದರಲ್ಲಿ ಸೇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ ಹುಡುಗರು, ಎಳೆವಯಸ್ಸಲ್ಲಿ ಹೋದ ಮಕ್ಕಳು ಈ ಎಣಿಕೆಯಲ್ಲಿ ಕಾಣುವುದೇ ಇಲ್ಲ. ಹಾಗಾಗಿ "1900ರಲ್ಲಿ ಕಡಿಮೆ ಇದ್ದ ಹೆಸರು 1950ಕ್ಕೆ ಬೆಳೆಯಿತು" ಎಂದು ಗ್ರಾಫ್ ಹಾಕಿ ತೋರಿಸುವವರನ್ನು ನಂಬಬೇಡಿ. ಎಷ್ಟೋ ಸಲ ಆ ಬೆಳವಣಿಗೆ ರಿಜಿಸ್ಟರ್‌ನದು, ಹೆಸರಿನದಲ್ಲ.

ಮದುವೆಯಾಗಿ ಗಂಡನ ಹೆಸರು ಹಚ್ಚಿಕೊಂಡ ಹೆಂಗಸು ಇಲ್ಲಿ ತವರಿನ ಹೆಸರಲ್ಲೇ ಇರುತ್ತಾಳೆ. ಫ್ರೆಂಚ್ ಕಾನೂನಿನಲ್ಲಿ ಮದುವೆಯಿಂದ ನಿಜವಾದ ಸರ್‌ನೇಮ್ ಬದಲಾಗುವುದಿಲ್ಲ, ಬಳಕೆಯ ಹೆಸರು ಮಾತ್ರ ಬದಲಾಗುತ್ತದೆ. ಟೆಲಿಫೋನ್ ಡೈರೆಕ್ಟರಿ ಹಿಡಿದು ಎಣಿಸುವ ವೆಬ್‌ಸೈಟುಗಳಲ್ಲಿ ಇದು ತಿರುಗುಮುರುಗಾಗುತ್ತದೆ. ಸೊಸೆ ಒಳಗೆ, ಮಗಳು ಹೊರಗೆ. ಅದರ ಮೇಲೆ ಒಂದು ಮನೆಗೆ ಒಂದೇ ಫೋನು, ಆ ಮನೆಯಲ್ಲಿ ಇಷ್ಟು ಜನ ಎಂಬ ಅಂದಾಜಿನ ಗುಣಾಕಾರ. ಜಗತ್ತಿನ ಲೆಕ್ಕ ಕೊಡುವ ತಾಣಗಳು ಬೇರೆ ಬೇರೆ ದೇಶಗಳ ಬೇರೆ ಬೇರೆ ವರ್ಷದ ಪಟ್ಟಿಗಳನ್ನು ಸೇರಿಸಿ ಒಂದು ಮೊತ್ತ ಹೇಳುತ್ತವೆ. ನೀವು ನೋಡಿದ ಸಂಖ್ಯೆಗಳು ತಾಳೆಯಾಗದಿರುವುದಕ್ಕೆ ಇದೇ ಕಾರಣ. ಒಬ್ಬರು ನೂರು ವರ್ಷದ ಹುಟ್ಟು ಎಣಿಸಿದ್ದಾರೆ, ಇನ್ನೊಬ್ಬರು ಇವತ್ತಿನ ಮನೆಗಳನ್ನು ಅಂದಾಜು ಮಾಡಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಸರಿ ಎಂದು ಕೇಳುವಂತಿಲ್ಲ. ಒಂದನ್ನು ಆರಿಸಲೇಬೇಕು ಎಂದರೆ ಇನ್ಸೇ ಸಂಖ್ಯೆಯನ್ನೇ ಆರಿಸಿ. ಅದು ಏನನ್ನು ಎಣಿಸಿದೆ, ಏನನ್ನು ಬಿಟ್ಟಿದೆ ಎಂಬುದಾದರೂ ಗೊತ್ತಿರುತ್ತದೆ.

ಅಪರೂಪದ ಹೆಸರುಗಳಿಗೆ ಇನ್ನೂ ಎರಡು ತೊಡಕುಗಳಿವೆ. ಒಂದು, 30ಕ್ಕಿಂತ ಕಡಿಮೆ ಹುಟ್ಟು ಇರುವ ಹೆಸರನ್ನು ಇನ್ಸೇ ಬಿಡಿಯಾಗಿ ತೋರಿಸುವುದಿಲ್ಲ. ಅಷ್ಟು ಕಡಿಮೆ ಇದ್ದರೆ ಯಾರೆಂದು ಪತ್ತೆ ಹಚ್ಚಬಹುದಲ್ಲ. ಅವನ್ನೆಲ್ಲ 'ಇತರ ಹೆಸರುಗಳು' ಎಂಬ ಒಂದೇ ಸಾಲಿಗೆ ಹಾಕುತ್ತಾರೆ. ಪಟ್ಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಆ ಹೆಸರೇ ಇಲ್ಲ ಎನ್ನಬಾರದು. ಎರಡು, ಪಟ್ಟಿಯಲ್ಲಿ ಎಲ್ಲವೂ ದೊಡ್ಡಕ್ಷರ, ಮೇಲಿನ ಗೀಟುಗಳಿಲ್ಲ. ಪ್ವಾಂಕಾರೆಯ ಕೊನೆಯ ಅಕ್ಷರದ ಮೇಲಿನ ಗೀಟು ಹೋಗಿಬಿಡುತ್ತದೆ, ಗೀಟು ಇರುವವರೂ ಇಲ್ಲದವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಅದೇ ಆರ್ ಅಕ್ಷರವನ್ನು ಎರಡು ಸಲ ಬರೆದುಕೊಂಡ ಮನೆ ಇದ್ದರೆ ಅದು ಬೇರೆ ಹೆಸರಾಗಿ ಇನ್ನೊಂದು ಸಾಲಿಗೆ ಹೋಗುತ್ತದೆ, ಮೂಲದಲ್ಲಿ ಒಂದೇ ಆಗಿದ್ದರೂ.

ಇಷ್ಟು ಪ್ರಸಿದ್ಧ ಹೆಸರು ಅಪರೂಪ ಯಾಕೆ? ಪ್ಯಾರಿಸ್‌ನಲ್ಲಿ ರೇಮೋಂ ಪ್ವಾಂಕಾರೆ ಹೆಸರಿನ ದೊಡ್ಡ ರಸ್ತೆ ಇದೆ, 1928ರಲ್ಲಿ ಶುರುವಾದ ಆಂರಿ ಪ್ವಾಂಕಾರೆ ಗಣಿತ ಸಂಸ್ಥೆ ಇದೆ. ಬೋರ್ಡುಗಳಲ್ಲಿ ನೋಡಿ ನೋಡಿ ಹೆಸರು ತುಂಬ ಇದೆ ಅನಿಸುತ್ತದೆ. ಆದರೆ ಮಾರ್ಟಿನ್ ಎಂಬ ಹೆಸರಿನಲ್ಲಿ ಆ ಅವಧಿಯಲ್ಲಿ 2 ಲಕ್ಷಕ್ಕೂ ಹೆಚ್ಚು ಹುಟ್ಟುಗಳಿವೆ, ಫ್ರಾನ್ಸಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಅದರ ಮುಂದೆ ಪ್ವಾಂಕಾರೆ ಕಣ್ಣಿಗೆ ಕಾಣದಷ್ಟು ಚಿಕ್ಕದು. ಮಾರ್ಟಿನ್ ಸಾವಿರ ಊರುಗಳಲ್ಲಿ ಸಾವಿರ ಸಲ ಬೇರೆ ಬೇರೆಯಾಗಿ ಹುಟ್ಟಿದ ಹೆಸರು. ಚೌಕ ಮುಷ್ಟಿ ಎಂದು ಕರೆಸಿಕೊಂಡವರು ಕೆಲವೇ ಜನ. ಶುರುವಿನಲ್ಲಿ ಕಡಿಮೆ ಇದ್ದ ಹೆಸರಿಗೆ ಮುಂದೆ ಕಾಯುವ ಅಪಾಯ ದೊಡ್ಡದು.

ನೀವು ಗಣಿತದವರು, ಲೆಕ್ಕವನ್ನೇ ಹಾಕೋಣ. ಹೆಸರು ಗಂಡುಮಕ್ಕಳ ಮೂಲಕ ಮಾತ್ರ ಸಾಗುತ್ತದೆ ಎಂದುಕೊಳ್ಳಿ. ಒಬ್ಬನಿಗೆ ಸರಾಸರಿ ಒಬ್ಬ ಮಗ, ಯಾರಿಗೆ ಎಷ್ಟು ಗಂಡುಮಕ್ಕಳು ಎಂಬುದು ಆಕಸ್ಮಿಕಕ್ಕೆ ಬಿಟ್ಟದ್ದು (ಗಣಿತದಲ್ಲಿ ಇದಕ್ಕೆ ಪ್ವಾಸೋಂ ಹಂಚಿಕೆ ಹಿಡಿಯುತ್ತಾರೆ). ಅಂದರೆ ಜನಸಂಖ್ಯೆ ಕುಗ್ಗುತ್ತಲೂ ಇಲ್ಲ, ಹಿಗ್ಗುತ್ತಲೂ ಇಲ್ಲ. ಆ ಒಬ್ಬನ ಹೆಸರು ಮೊದಲ ತಲೆಮಾರಿನಲ್ಲೇ ನಿಂತುಹೋಗುವ ಸಂಭವ 37%. ಎರಡನೇ ತಲೆಮಾರಿಗೆ 53%. ಐದಕ್ಕೆ 73%. ಹತ್ತು ತಲೆಮಾರು, ಸುಮಾರು 300 ವರ್ಷ ಕಳೆದರೆ 84%. ಒಬ್ಬನ ಬದಲು ಇಪ್ಪತ್ತು ಜನ ಒಂದೇ ಹೆಸರಿನವರು ಹೊರಟಿದ್ದರೆ ಹತ್ತು ತಲೆಮಾರಿಗೆ ಎಲ್ಲರ ಸಾಲೂ ನಿಲ್ಲುವ ಸಂಭವ ಬರೀ 3%. ಇದರಲ್ಲಿ ರೋಗ, ಬಡತನ, ಯುದ್ಧ ಯಾವುದೂ ಸೇರಿಲ್ಲ. ಸುಮ್ನೆ ಗಂಡು ಹೆಣ್ಣಿನ ಆಕಸ್ಮಿಕ ಅಷ್ಟೇ.

ಇದನ್ನು ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ 1873ರಲ್ಲಿ ಪ್ರಶ್ನೆಯಾಗಿ ಕೇಳಿದರು, ಗಣಿತಜ್ಞ ವಾಟ್ಸನ್ ಉತ್ತರ ಕೊಟ್ಟರು, ಅವರಿಬ್ಬರ ಹೆಸರಲ್ಲೇ ಪಾಠ ನಡೆಯುತ್ತದೆ. ಆದರೆ ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಬಿಯೆನೆಮೆ 1845ರಲ್ಲೇ ಇದನ್ನು ಬಿಡಿಸಿದ್ದರು. ಅದೂ ಸರಿಯಾಗಿ. ಗಂಡುಮಕ್ಕಳ ಸರಾಸರಿ ಒಂದಕ್ಕಿಂತ ಜಾಸ್ತಿ ಇದ್ದರೆ ಹೆಸರು ಉಳಿಯುವ ಅವಕಾಶ ಇದೆ ಎಂದು ಅವರಿಗೆ ಗೊತ್ತಿತ್ತು. ವಾಟ್ಸನ್ ಎಲ್ಲ ಹೆಸರುಗಳೂ ಅಳಿದೇ ಅಳಿಯುತ್ತವೆ ಎಂದು ತಪ್ಪು ತೀರ್ಮಾನಕ್ಕೆ ಬಂದಿದ್ದರು. ಬಿಯೆನೆಮೆಯ ಟಿಪ್ಪಣಿ ಯಾರ ಕಣ್ಣಿಗೂ ಬೀಳದೆ ಬಿದ್ದಿತ್ತು, 1972ರಲ್ಲಿ ಮತ್ತೆ ಬೆಳಕಿಗೆ ಬಂತು. ಪಾಠ ಮಾಡುವಾಗ ದಯವಿಟ್ಟು ಅವರ ಹೆಸರನ್ನೂ ಹೇಳಿ.

ಪ್ವಾಂಕಾರೆ ಮನೆಯಲ್ಲೇ ಈ ಲೆಕ್ಕ ನಡೆದದ್ದನ್ನು ನೋಡಬಹುದು. ಅಜ್ಜ ನಾನ್ಸಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದರು. ಅವರ ಇಬ್ಬರು ಗಂಡುಮಕ್ಕಳಲ್ಲಿ ಲೆಯೋಂ ವೈದ್ಯಕೀಯ ಪ್ರಾಧ್ಯಾಪಕರು, ಆಂತೊನಿ ಸೇತುವೆ ರಸ್ತೆಗಳ ಎಂಜಿನಿಯರ್. ಲೆಯೋಂಗೆ ಆಂರಿ ಮತ್ತು ಅಲೀನ್. ಅಲೀನ್ ದಾರ್ಶನಿಕ ಎಮಿಲ್ ಬುತ್ರೂ ಅವರನ್ನು ಮದುವೆಯಾದರು. ಆಕೆಯ ಮಗ ಪಿಯೇರ್ ಕೂಡ ಗಣಿತಜ್ಞನಾದ, ಆದರೆ ಬುತ್ರೂ ಹೆಸರಲ್ಲಿ. ಆಂತೊನಿಯ ಮಕ್ಕಳು ರೇಮೋಂ ಮತ್ತು ಭೌತವಿಜ್ಞಾನಿ ಲ್ಯುಸಿಯೆಂ. ರೇಮೋಂಗೆ ಮಕ್ಕಳಾಗಲಿಲ್ಲ. ಆಂರಿಗೆ ಮೂವರು ಹೆಣ್ಣುಮಕ್ಕಳು, ಒಬ್ಬನೇ ಮಗ. ಬುದ್ಧಿ, ಪದವಿ, ಹಣ ಯಾವುದಕ್ಕೂ ಕೊರತೆ ಇರಲಿಲ್ಲ, ಹೆಸರು ಹೊತ್ತು ಮುಂದೆ ಹೋಗುವವರು ಮಾತ್ರ ಕಡಿಮೆಯಾದರು.

ಅದರ ಮೇಲೆ ಯುದ್ಧ. 1914ರಿಂದ 1918ರ ನಡುವೆ ಫ್ರಾನ್ಸ್ 13 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಒಂದೆರಡು ಹಳ್ಳಿಯಲ್ಲಿ ಮಾತ್ರ ಇದ್ದ ಹೆಸರುಗಳಿಗೆ ಅದು ದೊಡ್ಡ ಹೊಡೆತ. 1923ರ ಜುಲೈ 2ರಂದು ಇದಕ್ಕೆಂದೇ ಒಂದು ಕಾನೂನು ಮಾಡಿದರು. ಮನೆತನದ ಕೊನೆಯ ಗಂಡು ದೇಶಕ್ಕಾಗಿ ಸತ್ತು ಮಕ್ಕಳಿಲ್ಲದಿದ್ದರೆ, ಹತ್ತಿರದ ಸಂಬಂಧಿಕರು ಆ ಹೆಸರನ್ನು ಸೇರಿಸಿಕೊಳ್ಳಬಹುದು ಎಂದು. ಈಗಲೂ ಫ್ರೆಂಚ್ ಸಿವಿಲ್ ಕೋಡ್‌ನ 61ನೇ ವಿಧಿಯಂತೆ, ಅಳಿವಿನಂಚಿನ ಹಿರಿಯರ ಹೆಸರನ್ನು ಉಳಿಸಲು ಸರ್‌ನೇಮ್ ಬದಲಿಸಲು ಅರ್ಜಿ ಹಾಕಬಹುದು. 2005ರಿಂದ ಅಮ್ಮನ ಸರ್‌ನೇಮ್ ಅನ್ನೇ ಮಗುವಿಗೆ ಕೊಡಲೂ ಅವಕಾಶವಿದೆ. ಅಲೀನ್ ಕಾಲಕ್ಕೆ ಈ ಕಾನೂನು ಇದ್ದಿದ್ದರೆ ಅವರ ಮಗನೂ ಪ್ವಾಂಕಾರೆ ಆಗಬಹುದಿತ್ತು.

ಎಲ್ಲರೂ ಒಂದೇ ವಂಶದವರಾ ಎಂಬ ಪ್ರಶ್ನೆಗೆ ಹೆಸರು ಒಂದೇ ಸಾಕ್ಷಿಯಾಗದು. ಹೆಸರು ಅಪರೂಪವಾದಷ್ಟೂ ನೆಂಟಸ್ತಿಕೆಯ ಸಂಭವ ಜಾಸ್ತಿ, ನಿಜ. ಆದರೆ ಜನ ಕರೆದ ಹೆಸರು ಎರಡು ಊರಲ್ಲಿ ಎರಡು ಸಲ ಹುಟ್ಟಬಹುದು. 1403ರ ಪ್ಯಾರಿಸ್ ವಿದ್ಯಾರ್ಥಿ ಗಣಿತಜ್ಞರ ಪೂರ್ವಜ ಎಂದು ಬರೆದುಬಿಡುವವರಿದ್ದಾರೆ. ಅದಕ್ಕೆ ಆಧಾರವಾಗಿ ತಲೆಮಾರಿನಿಂದ ತಲೆಮಾರಿಗೆ ದಾಖಲೆ ಬೇಕು. ಹೆಸರು ಕೂಡಿದರೆ ಸಾಲದು. ಹಾಗೆಯೇ 'ನಿಮ್ಮ ಮನೆತನದ ಲಾಂಛನ' ಎಂದು ದುಡ್ಡು ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಲಾಂಛನ ಇರುವುದು ಒಂದು ಕುಟುಂಬಕ್ಕೆ. ಆ ಸರ್‌ನೇಮ್ ಇರುವ ಎಲ್ಲರಿಗೂ ಅಲ್ಲ.

ವಿದ್ಯಾರ್ಥಿನಿಗೆ ಇನ್ನೂ ಆಸಕ್ತಿ ಇದ್ದರೆ ಕೆಲಸ ಕೊಡಿ, ಎಲ್ಲವೂ ಉಚಿತ. ಇನ್ಸೇ ಪಟ್ಟಿ ಇಳಿಸಿಕೊಂಡು ದಶಕವಾರು ಸಂಖ್ಯೆ ನೋಡಲಿ. 30ಕ್ಕಿಂತ ಕಡಿಮೆ ಇರುವ ಹೆಸರಾದರೆ ಇನ್ಸೇಯೇ ಕೊಡುವ ಮರಣ ಪಟ್ಟಿ ಇದೆ, 1970ರಿಂದ ಸತ್ತವರದ್ದು, ಹುಟ್ಟಿದ ಊರಿನ ಸಮೇತ. ಹಿಂದಕ್ಕೆ ಹೋಗಲು ಜಿಲ್ಲಾ ದಾಖಲಾಗಾರಗಳ ತಾಣಗಳಿವೆ. ಜನನ, ಮದುವೆಯ ಪುಸ್ತಕಗಳು 75 ವರ್ಷದ ನಂತರ ಎಲ್ಲರಿಗೂ ತೆರೆದಿರುತ್ತವೆ. ವೋಜ್ ಜಿಲ್ಲೆಯ ತಾಣದಲ್ಲಿ ನಫ್‌ಶಾತೊ ಆರಿಸಿ, ಮೊದಲು ಹತ್ತು ವರ್ಷಕ್ಕೊಮ್ಮೆ ಮಾಡಿದ ಹೆಸರಿನ ಸೂಚಿ ತೆಗೆಯಬೇಕು. ಪಿ ಅಕ್ಷರದ ಪುಟಕ್ಕೆ ಹೋದರೆ ಕೈಬರಹದಲ್ಲಿ ಹೆಸರು, ತಾರೀಖು ಎರಡೂ ಸಿಗುತ್ತವೆ. ಅಲ್ಲಿಂದ ಮೂಲ ಪುಟಕ್ಕೆ ಹೋಗಬಹುದು. ಪ್ಯಾರಿಸ್ ಕಡೆಯ ಮನೆತನವಾಗಿದ್ದರೆ ಇದು ಇಷ್ಟು ಸಲೀಸಾಗುತ್ತಿರಲಿಲ್ಲ. 1871ರ ಮೇ ತಿಂಗಳ ದಂಗೆಯಲ್ಲಿ ನಗರಸಭೆಯೂ ನ್ಯಾಯಾಲಯವೂ ಸುಟ್ಟು ಎರಡು ಪ್ರತಿಗಳೂ ಬೂದಿಯಾದವು, ಅದರಲ್ಲಿ ಒಂದು ಪಾಲನ್ನು ಮಾತ್ರ ಮತ್ತೆ ಕಟ್ಟಿಕೊಟ್ಟಿದ್ದಾರೆ. ಬರಹ ಓದಲು ಮೊದಮೊದಲು ಕಷ್ಟ. ದೊಡ್ಡ ಪಿ ಅಕ್ಷರವನ್ನು ಆ ಗುಮಾಸ್ತ ಹೇಗೆ ತಿರುಗಿಸುತ್ತಾನೆ ಎಂಬುದನ್ನು ಪಿಯೇರ್ ಎಂಬ ಹೆಸರಿನಲ್ಲಿ ಮೊದಲು ಹಿಡಿದುಕೊಳ್ಳಲಿ, ಅದು ಪ್ರತಿ ಪುಟದಲ್ಲೂ ಇರುತ್ತದೆ.